ಬ್ಯಾಟರಿ ಅಂಗಡಿಯಲ್ಲಿ ಕೆಲಸ, ವೀರ್ಯಾಣು ಕಡಿಮೆ: ನೆಲ್ಲಿಕಾಯಿ, ಅರಿಶಿನ, ಅಶ್ವಗಂಧ ತಗೊಂಡರೆ ಸೀಸದ ಹಾನಿ ಸರಿಹೋಗುತ್ತಾ?

ಆರು ವರ್ಷದಿಂದ ಬ್ಯಾಟರಿ ರಿಪೇರಿ ಕೆಲಸ, ಮದುವೆಯಾಗಿ ಮೂರು ವರ್ಷ, ರಿಪೋರ್ಟಿನಲ್ಲಿ ಕೌಂಟ್ ಒಂದು ಎಂ.ಎಲ್.ಗೆ 9 ಮಿಲಿಯನ್, ಚಲನೆಯೂ ಕಡಿಮೆ ಎಂದು ಬರೆದಿದ್ದೀರಿ. ಯಾರೋ ನೆಲ್ಲಿಕಾಯಿ, ಅರಿಶಿನ, ಅಶ್ವಗಂಧ ತಗೊಳ್ಳಿ, ಸೀಸ ತಾನಾಗಿ ಇಳಿಯುತ್ತದೆ ಎಂದರಂತೆ. ಮೊದಲು ನೇರವಾಗಿ ಉತ್ತರ ಹೇಳುತ್ತೇನೆ. ಸೀಸದಿಂದ ಹೀಗಾಗಿರುವ ಸಾಧ್ಯತೆ ನಿಜವಾಗಿಯೂ ಇದೆ. ನೆಲ್ಲಿಕಾಯಿ ಒಳ್ಳೆಯದೇ. ಆದರೆ ಸೀಸ ದಿನವೂ ಮೈಗೆ ಸೇರುತ್ತಿರುವಾಗ ಅದೊಂದೇ ನಿಮ್ಮನ್ನು ಕಾಪಾಡುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುವಾಗ ನನ್ನ ಪ್ರಾಜೆಕ್ಟ್ ಇದೇ ವಿಷಯದ್ದು. ಗಂಡು ಇಲಿಗಳಲ್ಲಿ ಒಂದು ಗುಂಪಿಗೆ ಬರೀ ಕ್ಯಾಡ್ಮಿಯಂ (ಸೀಸದಂಥದೇ ಇನ್ನೊಂದು ವಿಷದ ಲೋಹ), ಇನ್ನೊಂದಕ್ಕೆ ಕ್ಯಾಡ್ಮಿಯಂ ಜೊತೆ ನೆಲ್ಲಿಕಾಯಿ ರಸ, ಮೂರನೆಯದಕ್ಕೆ ಎರಡೂ ಇಲ್ಲ. ಕೊನೆಗೆ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆರೋಗ್ಯವಂತ ಇಲಿಯ ಹನಿಯಲ್ಲಿ ವೀರ್ಯಾಣುಗಳು ಕುದಿಯುವ ನೀರಿನ ಹಾಗೆ ಸುಳಿಸುಳಿಯಾಗಿ ಓಡುತ್ತಿದ್ದವು. ಕ್ಯಾಡ್ಮಿಯಂ ಕೊಟ್ಟ ಇಲಿಯದ್ದರಲ್ಲಿ ಹೆಚ್ಚಿನವು ಅಲುಗಾಡದೆ ಬಿದ್ದಿದ್ದವು. ಕೆಲವು ಮಾತ್ರ ನಿಂತಲ್ಲೇ ಬಾಲ ಬಡಿಯುತ್ತಿದ್ದವು. ರಸ ಕುಡಿದ ಇಲಿಯದ್ದು ಇವೆರಡರ ನಡುವೆ ಇತ್ತು. ಅಂದರೆ ಗುಣ ಇದೆ, ನಾನೇ ನೋಡಿದ್ದೇನೆ. ಆದರೆ ಪೂರ್ತಿ ಅಲ್ಲ.

ವೀರ್ಯಾಣುವಿನ ಪೊರೆ ಬೇಗ ಕೆಡುವಂಥ ಕೊಬ್ಬಿನಿಂದ ಆಗಿದೆ. ಎಣ್ಣೆ ಗಾಳಿಗೆ ಕಮಟು ಹಿಡಿಯುತ್ತದಲ್ವಾ, ಹೆಚ್ಚು ಕಡಿಮೆ ಅದೇ ಕೆಲಸ ಇಲ್ಲೂ ನಡೆಯುತ್ತದೆ. ಆಮ್ಲಜನಕವೇ ಮನುಷ್ಯನ ವೀರ್ಯಾಣುವಿನ ಓಟ ನಿಲ್ಲಿಸುತ್ತದೆ ಎಂದು ಜಾನ್ ಮ್ಯಾಕ್ಲಿಯಡ್ ಎಂಬ ವಿಜ್ಞಾನಿ 1943ರಲ್ಲೇ ತೋರಿಸಿದ್ದರು. ಉಳಿದ ಜೀವಕೋಶಗಳಿಗೆ ಹಾನಿ ರಿಪೇರಿ ಮಾಡಿಕೊಳ್ಳುವ ಸಾಮಾನು ಒಳಗೇ ಇರುತ್ತದೆ. ವೀರ್ಯಾಣುವಿಗೆ ಆ ಜಾಗವೇ ಇಲ್ಲ. ತಲೆ, ನಡು, ಬಾಲ, ಅಷ್ಟೇ. ಅದಕ್ಕೇ ಸುತ್ತಲಿನ ದ್ರವದಲ್ಲಿ ವಿಟಮಿನ್ ಸಿ ರಕ್ತಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಸೀಸ, ಕ್ಯಾಡ್ಮಿಯಂ ಒಳಗೆ ಬಂದರೆ ಈ ಕಾವಲೇ ಮುರಿಯುತ್ತದೆ. ದೇಹ ತಾನೇ ಮಾಡಿಕೊಳ್ಳುವ ಗ್ಲುಟಾಥಯೋನ್ ಎಂಬ ಕಾವಲು ವಸ್ತುವನ್ನು ಇವು ಹಿಡಿದುಕೊಂಡುಬಿಡುತ್ತವೆ. ಸೀಸವಂತೂ ಜಿಂಕ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ವೀರ್ಯಾಣುವಿನ ತಲೆಯಲ್ಲಿ ಡಿ.ಎನ್.ಎ.ಯನ್ನು ಗಟ್ಟಿಯಾಗಿ ಸುತ್ತಿಡುವ ಪ್ರೋಟೀನ್‌ಗೆ ಜಿಂಕ್ ಬೇಕು. ಹಾಗಾಗಿ ಹಾನಿ ಬರೀ ಓಟಕ್ಕಲ್ಲ, ಒಳಗಿನ ಸರಕಿಗೂ ಆಗುತ್ತದೆ.

ಇಲಿಯಲ್ಲಿ ಕಂಡದ್ದನ್ನು ನಮಗೆ ಹಾಗೇ ಹೊಂದಿಸಬಾರದು ಎನ್ನುವುದಕ್ಕೆ ಕಾರಣ ಇದೆ. 1956ರಲ್ಲಿ ಚೆಕೊಸ್ಲೊವಾಕಿಯಾದ ವಿಜ್ಞಾನಿಗಳಾದ ಪಾರ್ಝೀಜೆಕ್ ಮತ್ತು ಜಾಹೋರ್ಜ್ ಕ್ಯಾಡ್ಮಿಯಂ ಇಲಿಯ ವೃಷಣವನ್ನು ಹೇಗೆ ನಾಶ ಮಾಡುತ್ತದೆ ಎಂದು ತೋರಿಸಿದರು. ಮರುವರ್ಷವೇ ಜಿಂಕ್ ಕೊಟ್ಟರೆ ಆ ಹಾನಿ ತಡೆಯಬಹುದು ಎಂದು ಪಾರ್ಝೀಜೆಕ್ ಬರೆದರು. ಆಮೇಲೆ ಬಂದ ಪ್ರಯೋಗಗಳಲ್ಲಿ ಬಹುಪಾಲು ಇದೇ ಥರ: ವಿಷ ಮತ್ತು ರಕ್ಷಣೆ ಒಟ್ಟಿಗೇ. ನನ್ನ ಪ್ರಾಜೆಕ್ಟೂ ಹಾಗೇ. ನಿಮ್ಮದು ಆರು ವರ್ಷದ ಸೀಸ. ಅದರಲ್ಲಿ ಬಹುಪಾಲು ಈಗ ಮೂಳೆಯಲ್ಲಿ ಕೂತಿದೆ. ಇನ್ನೊಂದು ಮಾತು, ಇಲಿ ತನಗೆ ಬೇಕಾದ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳುತ್ತದೆ. ನಮಗೆ ಆ ಶಕ್ತಿ ಇಲ್ಲ, ಊಟದಲ್ಲೇ ಬರಬೇಕು.

ಮನುಷ್ಯರ ಮೇಲೆ ನಡೆದ ದೊಡ್ಡ ಪ್ರಯೋಗಗಳ ಫಲಿತಾಂಶ ಅಷ್ಟು ಆಸೆ ಹುಟ್ಟಿಸುವಂಥದ್ದಲ್ಲ. ಅಮೆರಿಕದಲ್ಲಿ 2,370 ದಂಪತಿಗಳಲ್ಲಿ ಗಂಡಸರಿಗೆ ಆರು ತಿಂಗಳು ಜಿಂಕ್ ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದರು. ಮಾತ್ರೆ ತಗೊಂಡವರಲ್ಲಿ ನೂರಕ್ಕೆ 34, ತಗೊಳ್ಳದವರಲ್ಲಿ 35 ದಂಪತಿಗಳಿಗೆ ಮಗುವಾಯಿತು. ವಿಟಮಿನ್ ಸಿ, ಇ, ಸೆಲೆನಿಯಂ ಎಲ್ಲ ಸೇರಿಸಿದ ಇನ್ನೊಂದು ಪ್ರಯೋಗದಲ್ಲೂ ಲಾಭ ಕಾಣಲಿಲ್ಲ. ಎರಡೂ 2020ರಲ್ಲಿ ಪ್ರಕಟವಾದವು. ಅವರು ಸೀಸದ ಕೆಲಸದವರಲ್ಲ, ನಿಜ. ಆದರೂ ಸಾವಿರಾರು ರೂಪಾಯಿಯ ಡಬ್ಬಿ ಕೊಳ್ಳುವ ಮೊದಲು ಇದು ಗೊತ್ತಿರಲಿ. ಊಟದಲ್ಲಿ ಕೊರತೆ ಇದ್ದಾಗ ಮಾತ್ರ ಚಿತ್ರ ಬೇರೆ. 1991ರ ಒಂದು ಸಣ್ಣ ಅಧ್ಯಯನದಲ್ಲಿ ದಿನದ ವಿಟಮಿನ್ ಸಿ 250 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದಾಗ ವೀರ್ಯಾಣುವಿನ ಡಿ.ಎನ್.ಎ. ಹಾನಿ ಸುಮಾರು ಎರಡರಷ್ಟಾಯಿತು. ಅಂದರೆ ಕೊರತೆ ಆಗಬಾರದು. ಅದಕ್ಕೆ ದಿನಕ್ಕೊಂದು ಸೀಬೆಹಣ್ಣೋ ಎರಡು ನೆಲ್ಲಿಕಾಯೋ ಸಾಕು.

ಈಗ ನಿಮ್ಮ ಅಂಗಡಿಗೆ ಬರೋಣ. ನನ್ನ ಚಿಕ್ಕಪ್ಪನ ಮಗ ನಿಮ್ಮ ಹಾಗೇ ಹಳೆ ಬ್ಯಾಟರಿ ಒಡೆದು ಸೀಸದ ಪ್ಲೇಟ್ ತೆಗೆಯುವ ಕಡೆ ದುಡಿದವನು. ಒಮ್ಮೆ ಅವನ ಕೆಲಸದ ಅಂಗಿಯನ್ನು ನಾನು ಬಕೆಟ್ಟಿನಲ್ಲಿ ನೆನೆಹಾಕಿದೆ. ಅರ್ಧ ಗಂಟೆ ಬಿಟ್ಟು ನೀರು ಮೆಲ್ಲಗೆ ಬಗ್ಗಿಸಿದರೆ ತಳದಲ್ಲಿ ಬೂದಿ ಬಣ್ಣದ ನುಣ್ಣನೆ ಪುಡಿ, ಬೆರಳಲ್ಲಿ ಗೆರೆ ಎಳೆಯುವಷ್ಟು. ಅದೇ ಅಂಗಿ ತೊಟ್ಟು ಅವನು ಮಧ್ಯಾಹ್ನ ಪೇಪರಿನ ಮೇಲೆ ಬೋಂಡ ಇಟ್ಟುಕೊಂಡು ತಿನ್ನುತ್ತಿದ್ದ. ಕೈಯನ್ನು ಬರೀ ನೀರಲ್ಲಿ ಜಾಲಿಸಿಕೊಳ್ಳುತ್ತಿದ್ದ, ಅಂಗೈ ಗೆರೆಯಲ್ಲಿ ಕಪ್ಪು ಹಾಗೇ ಉಳಿದಿರುತ್ತಿತ್ತು. ಮಾಲೀಕರು ಮಾಸ್ಕ್ ಕೊಟ್ಟಿರಲಿಲ್ಲ, ಕೇಳುವ ಧೈರ್ಯ ಇವನಿಗಿರಲಿಲ್ಲ. ನಿಮ್ಮ ದೇಹಕ್ಕೆ ಸೀಸ ಬರುವ ದಾರಿ ಇದೇ: ಉಸಿರು ಮತ್ತು ಕೈಯಿಂದ ಬಾಯಿ.

ರೊಮೇನಿಯಾದಲ್ಲಿ 150 ಬ್ಯಾಟರಿ ಕಾರ್ಮಿಕರನ್ನು ಪರೀಕ್ಷಿಸಿ 1975ರಲ್ಲಿ ಪ್ರಕಟಿಸಿದ ವರದಿಯಲ್ಲೇ ಸೀಸ ಜಾಸ್ತಿ ಇದ್ದವರಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ ಮೂರೂ ಕೆಟ್ಟಿದ್ದವು. ಹಾಗಾಗಿ ನೀವು ಈ ವಾರವೇ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಬ್ಲಡ್ ಲೆಡ್ ಎಂದು ಕೇಳಿದರೆ ದೊಡ್ಡ ಲ್ಯಾಬುಗಳಲ್ಲಿ ಗೊತ್ತಾಗುತ್ತದೆ. ಸೀಸದ ಸಂಪರ್ಕ ಇಲ್ಲದವರಲ್ಲಿ ಅದು ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ ಒಳಗಿರಬೇಕು. ರಕ್ತದ ಸೀಸ 40 ಮೈಕ್ರೋಗ್ರಾಂ ದಾಟಿದವರಲ್ಲಿ ವೀರ್ಯದ ಮೇಲೆ ಪರಿಣಾಮ ಆದದ್ದನ್ನು ಹಲವು ಅಧ್ಯಯನಗಳು ತೋರಿಸಿವೆ. ಬೆಂಗಳೂರಿನ ವೈದ್ಯಕೀಯ ಕಾಲೇಜು ಸೇಂಟ್ ಜಾನ್ಸ್‌ನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ರಾಷ್ಟ್ರೀಯ ಕೇಂದ್ರವನ್ನೇ ಕಟ್ಟಿ ವರ್ಷಗಟ್ಟಲೆ ದುಡಿದವರು. ನಮ್ಮ ರಾಜ್ಯದಲ್ಲಿ ಈ ತಿಳಿವಳಿಕೆ ಹೊಸದೇನಲ್ಲ. ಅದು ಬ್ಯಾಟರಿ ಅಂಗಡಿಯ ಬಾಗಿಲಿಗೆ ತಲುಪಿಲ್ಲ ಎನ್ನುವುದೇ ನನ್ನ ಸಂಕಟ. ಸೀಸ ತುಂಬಾ ಜಾಸ್ತಿ ಇದ್ದರೆ ಅದನ್ನು ಹೊರಹಾಕುವ ಔಷಧಿ ಇದೆ. ಅದನ್ನು ಡಾಕ್ಟರೇ ಕೊಡಬೇಕು. ಅದೂ ಧೂಳಿನ ಸಂಪರ್ಕ ನಿಲ್ಲಿಸಿದ ಮೇಲೆ. ಕೌಂಟ್ ಇಳಿಯಲು ವೃಷಣದ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್‌ನಂಥ ಬೇರೆ ಕಾರಣವೂ ಇರಬಹುದು, ಯೂರಾಲಜಿಸ್ಟ್ ಹತ್ತಿರ ಅದನ್ನೂ ನೋಡಿಸಿ.

ಕೆಲಸ ಬಿಡಿ ಎಂದು ಸುಲಭವಾಗಿ ಹೇಳಲಾರೆ, ಹೊಟ್ಟೆಪಾಡಿನ ವಿಷಯ. ಪ್ಲೇಟ್ ಒಡೆಯುವ, ಸೀಸ ಕರಗಿಸುವ ಕೆಲಸ ಬಿಟ್ಟು ಚಾರ್ಜಿಂಗ್, ಕೌಂಟರ್ ಕಡೆ ಹೋಗಲು ಆಗುತ್ತದಾ ಕೇಳಿ. ಧೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಿ, ಬಟ್ಟೆ ಮಾಸ್ಕ್ ಸಾಲದು. ಸೋಪು, ಬ್ರಷ್ ಹಾಕಿ ಉಗುರಿನ ಸಂದಿವರೆಗೆ ತೊಳೆಯದೆ ಏನನ್ನೂ ಬಾಯಿಗೆ ಇಡಬೇಡಿ. ಬೀಡಿ ಸಿಗರೇಟು ಇದ್ದರೆ ಬಿಡಿ. ತಂಬಾಕಿನಲ್ಲೇ ಕ್ಯಾಡ್ಮಿಯಂ ಇದೆ, ಮೇಲಾಗಿ ಸೀಸದ ಕೈಯಲ್ಲೇ ಅದನ್ನು ತುಟಿಗೆ ಇಡುತ್ತೀರಿ.

ಊಟದ ವಿಷಯದಲ್ಲಿ ನೆಲ್ಲಿಕಾಯಿಗಿಂತ ಮೊದಲು ನಾನು ಹೇಳುವುದು ರಾಗಿ ಮುದ್ದೆ. ಖಾಲಿ ಹೊಟ್ಟೆ ಸೀಸವನ್ನು ಜಾಸ್ತಿ ಹೀರುತ್ತದೆ. ದೇಹದಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಕಡಿಮೆ ಇದ್ದರೂ ಹಾಗೇ, ಅವುಗಳ ದಾರಿಯಲ್ಲೇ ಸೀಸ ನುಗ್ಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಳಗ್ಗೆ ಮುದ್ದೆ, ಸೊಪ್ಪಿನ ಸಾರು ಉಂಡು ಮನೆ ಬಿಡಿ. ನುಗ್ಗೆಸೊಪ್ಪು, ಕಾಳು, ಮೊಸರು ಇರಲಿ.

ಅರಿಶಿನದ ಬಗ್ಗೆ ಒಂದು ಎಚ್ಚರಿಕೆ. ಅದರ ಗುಣದ ಅಂಶವಾದ ಕರ್ಕ್ಯುಮಿನ್ ಸುಮ್ನೆ ತಿಂದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟರೆ 20 ಪಟ್ಟು ಹೆಚ್ಚಾಗುತ್ತದೆ ಎಂದು 1998ರಲ್ಲಿ ತೋರಿಸಿದ್ದೂ ಸೇಂಟ್ ಜಾನ್ಸ್‌ನವರೇ. ಆದರೆ ಹೊಳೆಯುವ ಹಳದಿ ಬರಲಿ ಅಂತ ಅರಿಶಿನಕ್ಕೆ ಲೆಡ್ ಕ್ರೋಮೇಟ್, ಅಂದರೆ ಸೀಸದ ಬಣ್ಣ, ಬೆರೆಸುವವರಿದ್ದಾರೆ. 2024ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಪಟ್ನಾದ ಒಂದು ಮಾದರಿಯಲ್ಲಿ 2,000 ಪಿಪಿಎಂಗಿಂತ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಎಂಬ ಅಳತೆ) ಜಾಸ್ತಿ ಸೀಸ ಸಿಕ್ಕಿತು. ನಮ್ಮ ದೇಶದ ಮಿತಿ 10. ಬಿಡಿ ಪುಡಿ ಬೇಡ. ಚಾಮರಾಜನಗರದ ಕಡೆ ಬೆಳೆಯುವ ಪರಿಚಯದವರಿದ್ದರೆ ಪಾಲಿಶ್ ಮಾಡದ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿ. ಅಶ್ವಗಂಧದಿಂದ ಕೌಂಟ್ ಏರಿದ ಸಣ್ಣ ಪ್ರಯೋಗಗಳಿವೆ, ಅಪರೂಪಕ್ಕೆ ಲಿವರ್‌ಗೆ ತೊಂದರೆ ಆದದ್ದೂ ಇದೆ, ಡಾಕ್ಟರಿಗೆ ಹೇಳಿಯೇ ತಗೊಳ್ಳಿ. ಹೆಸರಿಲ್ಲದ ಪೊಟ್ಟಣದ 'ಧಾತು ಪುಷ್ಟಿ' ಭಸ್ಮಗಳನ್ನು ಮಾತ್ರ ಮುಟ್ಟಲೇಬೇಡಿ. ನಾಗ ಭಸ್ಮ ಎಂದರೆ ಸೀಸದ್ದೇ ಭಸ್ಮ.

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರುವಷ್ಟು ಬಲಿಯಲು ಇನ್ನೆರಡು ವಾರ ಬೇಕು. ಸಂಪರ್ಕ ಕಡಿಮೆ ಮಾಡಿದ ಮೂರು ತಿಂಗಳ ಮೇಲೆ ರಕ್ತದ ಸೀಸ, ವೀರ್ಯ ಎರಡರ ಪರೀಕ್ಷೆಯನ್ನೂ ಮತ್ತೆ ಮಾಡಿಸಿ. ಅದಕ್ಕೂ ಮೊದಲು ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ನೀವು ಕೇಳದೇ ಇದ್ದ ಒಂದು ವಿಷಯ. ನಿಮ್ಮ ಕೆಲಸದ ಬಟ್ಟೆ ಒಗೆಯುವವರು ಮನೆಯವರೇ ಅಲ್ವಾ? ಸೀಸ ಗರ್ಭದ ಮಗುವಿಗೆ ದಾಟುತ್ತದೆ, ತಾಯಿಯ ಮೂಳೆಯಲ್ಲಿ ಕೂತದ್ದೂ ಬಸುರಿನಲ್ಲಿ ಹೊರಬರುತ್ತದೆ. ಹಾಗಾಗಿ ಅವರ ರಕ್ತವನ್ನೂ ಅದೇ ದಿನ ಪರೀಕ್ಷೆಗೆ ಕೊಡಿ. ಅಂಗಿಯನ್ನು ಅಂಗಡಿಯಲ್ಲೇ ಬದಲಿಸಿ, ಬೇರೆ ಬಕೆಟ್ಟಿನಲ್ಲಿ ನೀವೇ ಒಗೆಯಿರಿ.