ಯುಪಿಎಸ್ ಇದೆ ಅಂತ ಎಫ್‌ಸಿಂಕ್ ಆಫ್ ಮಾಡಬೇಡಿ

ಪ್ರಶ್ನೆ: ನಮ್ಮ ಅಂಗಡಿಯ ಪೋಸ್ಟ್‌ಗ್ರೆಸ್ (ಡೇಟಾಬೇಸ್ ಸಾಫ್ಟ್‌ವೇರ್) ಸರ್ವರ್‌ನಲ್ಲಿ ಬಿಲ್ ಸೇವ್ ಆಗುವುದು ತುಂಬಾ ನಿಧಾನ. ಎಫ್‌ಸಿಂಕ್ ಆಫ್ ಮಾಡಿದರೆ ಸರಿಹೋಗುತ್ತದೆ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ಯುಪಿಎಸ್ ಇದೆ. ಮಾಡಬಹುದಾ?

ಉತ್ತರ: ಖಂಡಿತ ಬೇಡ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬರೆದದ್ದು ಡಿಸ್ಕ್‌ಗೆ ಹೋಗಿ ಸೇರಿತಾ ಎಂದು ಖಾತ್ರಿ ಮಾಡಿಕೊಳ್ಳುವುದೇ ಎಫ್‌ಸಿಂಕ್. ಅದನ್ನು ಆಫ್ ಮಾಡಿ ಮಷೀನ್ ನಡುವೆ ನಿಂತರೆ ಹೋಗುವುದು ಕೊನೆಯ ಬಿಲ್ ಒಂದೇ ಅಲ್ಲ, ಇಡೀ ಡೇಟಾಬೇಸ್ ಕೆಡಬಹುದು. ಯುಪಿಎಸ್ ಕಾಯುವುದು ಕರೆಂಟನ್ನು ಮಾತ್ರ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕ್ರ್ಯಾಶ್ ಆದರೆ? ನಾನು ನೋಡಿದ ಒಂದು ಸರ್ವರ್‌ನಲ್ಲಿ ಯುಪಿಎಸ್ ಚೆನ್ನಾಗಿಯೇ ಇತ್ತು, ಮಷೀನ್‌ಗೆ ಕರೆಂಟ್ ಹಂಚುವ ಒಳಗಿನ ಎಸ್‌ಎಂಪಿಎಸ್ ಸುಟ್ಟಿತ್ತು. ಡೇಟಾಬೇಸ್ ಮತ್ತೆ ಏಳಲೇ ಇಲ್ಲ. ಮಾಲೀಕರು ಕಾರ್ಬನ್ ಕಾಪಿ ಇಟ್ಟುಕೊಂಡು ಲೆಕ್ಕವನ್ನೆಲ್ಲ ಮತ್ತೆ ಟೈಪ್ ಮಾಡಿಸಿದರು.

ಮೊದಲು ನಿಮ್ಮ ಸಾಫ್ಟ್‌ವೇರ್ ನೋಡಿ. ಬಿಲ್‌ನಲ್ಲಿ 20 ಐಟಂ ಇದ್ದು ಒಂದೊಂದಕ್ಕೂ ಬೇರೆ ಕಮಿಟ್ (ಬರೆದದ್ದನ್ನು ಖಾಯಂ ಮಾಡುವುದು) ಮಾಡುತ್ತಿದ್ದರೆ 20 ಸಲ ಡಿಸ್ಕ್‌ಗೆ ಕಾಯಬೇಕು. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ, ಅಂದರೆ ಒಟ್ಟಿಗೆ ಕಮಿಟ್ ಆಗುವ ಒಂದೇ ಕಟ್ಟಿಗೆ ಹಾಕಿದರೆ ಒಂದೇ ಸಲ. ಎಷ್ಟೋ ಕಡೆ ರೋಗ ಇಲ್ಲೇ ಇರುತ್ತದೆ.

ಆಮೇಲೆ ಡಿಸ್ಕ್. ಎಫ್‌ಸಿಂಕ್ ವೇಗ ಅಳೆಯಲು ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ_ಟೆಸ್ಟ್_ಎಫ್‌ಸಿಂಕ್ ಅನ್ನು ಡೇಟಾ ಇರುವ ಡಿಸ್ಕ್ ಮೇಲೇ ಓಡಿಸಿ. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ ತಿರುಗುವುದೇ 120 ಸುತ್ತು, ಒಂದು ಸುತ್ತಿಗೆ ಸುಮಾರು ಒಂದೇ ಎಫ್‌ಸಿಂಕ್. ಅಂಥ ಒಂಟಿ ಡಿಸ್ಕ್ ಸೆಕೆಂಡಿಗೆ ಸಾವಿರಾರು ಎಫ್‌ಸಿಂಕ್ ತೋರಿಸಿದರೆ ಖುಷಿಪಡಬೇಡಿ. ಎಲ್ಲೋ ಒಂದು ಕ್ಯಾಶ್ (ಡೇಟಾವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ) ಡಿಸ್ಕ್‌ಗೆ ಬರೆಯದೆಯೇ ‘ಬರೆದಾಯ್ತು’ ಎಂದು ಸುಳ್ಳು ಹೇಳುತ್ತಿದೆ. ದುಡ್ಡು ಹಾಕುವುದಾದರೆ ಕರೆಂಟ್ ಹೋದಾಗ ಒಳಗಿನ ಕೆಪಾಸಿಟರ್ ಬಲದಿಂದ ಬರೆದು ಮುಗಿಸುವ ಸರ್ವರ್ ಎಸ್‌ಎಸ್‌ಡಿ ಕೊಳ್ಳಿ. ಲ್ಯಾಪ್‌ಟಾಪ್ ಎಸ್‌ಎಸ್‌ಡಿಯನ್ನು ಸುಮ್ನೆ ತಂದು ಹಾಕಬೇಡಿ.

ಪೋಸ್ಟ್‌ಗ್ರೆಸ್‌ನ ಇನ್ನೊಂದು ಸೆಟ್ಟಿಂಗ್ ಸಿಂಕ್ರೊನಸ್_ಕಮಿಟ್ ಆಫ್ ಮಾಡುವುದು ಬೇರೆ ಮಾತು. ಆಗ ಡಿಸ್ಕ್‌ಗೆ ಸೇರುವ ಮೊದಲೇ ಕಮಿಟ್ ಆಯ್ತು ಎಂದು ಹೇಳುತ್ತದೆ. ಡೇಟಾಬೇಸ್ ಕೆಡುವುದಿಲ್ಲ, ಆದರೆ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಕೊನೆಯ 600 ಮಿಲಿಸೆಕೆಂಡ್‌ವರೆಗಿನ ಕಮಿಟ್‌ಗಳು ಹೋಗಬಹುದು. ಯಾರು ಯಾವಾಗ ಏನು ಮಾಡಿದರು ಎಂದು ಬರೆದಿಡುವಂಥ ಟೇಬಲ್‌ಗೆ ಅಡ್ಡಿಯಿಲ್ಲ. ದುಡ್ಡಿನ ಲೆಕ್ಕಕ್ಕೆ ನಾನಂತೂ ಒಪ್ಪುವುದಿಲ್ಲ.

ಪೋಸ್ಟ್‌ಗ್ರೆಸ್ ತುಂಬಾ ಹಳೆಯದಾಗಿದ್ದರೆ ಅಪ್‌ಗ್ರೇಡ್ ಮಾಡಿ. ಲಿನಕ್ಸ್‌ನಲ್ಲಿ ಒಮ್ಮೆ ಫೇಲ್ ಆದ ಎಫ್‌ಸಿಂಕ್ ಎರಡನೇ ಸಲ ಕೇಳಿದಾಗ ‘ಆಯ್ತು’ ಎಂದುಬಿಡಬಹುದು ಎಂಬುದು 2018ರಲ್ಲಿ ದೊಡ್ಡ ಚರ್ಚೆಯಾಯಿತು. 2019ರ ಫೆಬ್ರವರಿಯ ಅಪ್‌ಡೇಟ್‌ನಿಂದ ಹಾಗಾದರೆ ಪೋಸ್ಟ್‌ಗ್ರೆಸ್ ತಾನೇ ನಿಂತು, ಬದಲಾವಣೆಗಳನ್ನು ಮೊದಲೇ ಬರೆದಿಟ್ಟ ತನ್ನ ಲಾಗ್‌ನಿಂದ ಎಲ್ಲವನ್ನೂ ಮತ್ತೆ ಬರೆಯುತ್ತದೆ.

ಪ್ರಶ್ನೆ: ನೋಎಟೈಮ್ (ಫೈಲ್ ಓದಿದ ಸಮಯವನ್ನು ಬರೆದಿಡದಂತೆ ಮಾಡುವ ಲಿನಕ್ಸ್ ಸೆಟ್ಟಿಂಗ್) ಹಾಕಿದರೆ ಸ್ಪೀಡ್ ಡಬಲ್ ಆಗುತ್ತಾ?

ಉತ್ತರ: ಇಲ್ಲ. 2009ರಿಂದ ಲಿನಕ್ಸ್‌ನಲ್ಲಿ ರೆಲ್‌ಎಟೈಮ್ ತಾನಾಗಿಯೇ ಇದೆ. ಅದು ಓದಿದ ಸಮಯವನ್ನು ಪ್ರತಿ ಸಲ ಬರೆಯುವುದಿಲ್ಲ, ಹಾಗಾಗಿ ಉಳಿಸಲು ಹೆಚ್ಚೇನೂ ಇಲ್ಲ.

ಪ್ರಶ್ನೆ: ದಿನಾ ರಾತ್ರಿ ಡ್ರಾಪ್_ಕ್ಯಾಶಸ್ (ಲಿನಕ್ಸ್‌ನ ಕ್ಯಾಶ್ ಖಾಲಿ ಮಾಡುವ ಆದೇಶ) ಓಡಿಸಿ ರ‍್ಯಾಮ್ ಖಾಲಿ ಮಾಡಲು ನಮ್ಮ ಟೆಕ್ನಿಷಿಯನ್ ಹೇಳಿದ್ದಾರೆ. ಸರಿನಾ?

ಉತ್ತರ: ಶುದ್ಧ ತಪ್ಪು. ಓದಿಟ್ಟ ಡೇಟಾ ಆ ರ‍್ಯಾಮ್‌ನಲ್ಲೇ ಇರುವುದು. ಬೆಳಿಗ್ಗೆ ಅದನ್ನೆಲ್ಲ ಮತ್ತೆ ಡಿಸ್ಕ್‌ನಿಂದ ಎಳೆಯಬೇಕು. ಅದನ್ನು ದಿನಾ ತಾನಾಗಿ ಓಡಿಸುವ ಕ್ರಾನ್ ಸಾಲು ಹಾಕಿದ್ದರೆ ಇವತ್ತೇ ತೆಗೆಯಿರಿ.