ರಾಜ ಒಬ್ಬನೇ, ಖಜಾನೆ ಬೇರೆ ಬೇರೆ

ಹಾಂಗ್‌ಕಾಂಗ್, ಶಾಂಘಾಯಿಗಳ ಸಿಖ್ ಪೊಲೀಸರ ಕುರಿತ ನಮ್ಮ ಲೇಖನ ಓದಿ ಮಡಿಕೇರಿಯ ನಿವೃತ್ತ ಹವಾಲ್ದಾರರೊಬ್ಬರು ಬರೆದಿದ್ದಾರೆ: 'ಅವರು ಮೊದಲು ಸೇನೆಯಲ್ಲಿ ದುಡಿದರು, ಆಮೇಲೆ ಪೊಲೀಸಿನಲ್ಲಿ. ಎರಡೂ ಕಡೆ ಯಜಮಾನ ಬ್ರಿಟಿಷರೇ. ಸೇವೆ ಕೂಡಿಸಿ ಪಿಂಚಣಿ ಯಾಕೆ ಕೊಡಲಿಲ್ಲ? ನನ್ನ ಪಲ್ಟನ್ನಿನ ಗೆಳೆಯನ ತಾತ ಶಾಂಘಾಯಿಯಲ್ಲಿದ್ದರಂತೆ. ಮೊಮ್ಮಗ ಈಗ ಕ್ಲೇಮು ಹಾಕಬಹುದೇ?'

ಹವಾಲ್ದಾರರೇ, ಪಿಂಚಣಿಯ ಲೆಕ್ಕದಲ್ಲಿ 'ಬ್ರಿಟಿಷರು' ಎಂಬ ಒಬ್ಬ ಯಜಮಾನ ಇರಲೇ ಇಲ್ಲ. ಸಿಪಾಯಿಗೆ ಸಂಬಳ ಬಂದದ್ದು ಭಾರತದ ಕಂದಾಯದಿಂದ. ನಿಮ್ಮ ಕೊಡಗಿನ ಅಜ್ಜಂದಿರು ಕಟ್ಟಿದ್ದೂ ಅದರಲ್ಲಿತ್ತು. 1867ರಿಂದ ಸಿಖ್ಖರನ್ನು ಸೇರಿಸಿಕೊಂಡ ಹಾಂಗ್‌ಕಾಂಗ್ ಪೊಲೀಸಿಗೆ ಆ ವಸಾಹತಿನದೇ ಖಜಾನೆ. ಶಾಂಘಾಯಿಯಂತೂ ವಸಾಹತೇ ಅಲ್ಲ. ಅಲ್ಲಿನ ವಿದೇಶಿಯರ ಬಡಾವಣೆಯನ್ನು ನಡೆಸುತ್ತಿದ್ದದ್ದು ತೆರಿಗೆದಾರರು ಆರಿಸಿದ ಒಂದು ಪುರಸಭೆ.

ಮೊದಲ ಮಹಾಯುದ್ಧದ ಹೊತ್ತಿಗೆ ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ. ಹೆಚ್ಚು ಸಂಬಳದ ಆಸೆಗೆ ಹಡಗು ಹತ್ತಿದವರು ಅನೇಕರು. ಅವಧಿ ತುಂಬದೆ ಪಲ್ಟನ್ ಬಿಟ್ಟವನ ಬಿಡುಗಡೆ ಪತ್ರ ಹೊಸ ಕೆಲಸಕ್ಕೆ ಒಳ್ಳೆಯ ಶಿಫಾರಸು. ಪಿಂಚಣಿಗೆ ಮಾತ್ರ ಅವನ ಆ ವರ್ಷಗಳು ತಾವಾಗಿ ಜಮೆಯಾಗುತ್ತಿರಲಿಲ್ಲ. ಸ್ವತಂತ್ರ ಭಾರತದಲ್ಲೂ, 1972ರ ಕೇಂದ್ರ ಪಿಂಚಣಿ ನಿಯಮಗಳ ಪ್ರಕಾರ, ನಾಗರಿಕ ಹುದ್ದೆಗೆ ಬಂದ ಸೈನಿಕ ಸೇನೆಯ ಪಿಂಚಣಿ ಇಟ್ಟುಕೊಳ್ಳಬೇಕು, ಇಲ್ಲವೇ ಅದನ್ನು ಬಿಟ್ಟು ಹಳೆಯ ಸೇವೆ ಕೂಡಿಸಿಕೊಳ್ಳಬೇಕಿತ್ತು. ಎರಡೂ ಒಂದೇ ಸರ್ಕಾರದ್ದಾದ್ದರಿಂದ ಆ ಆಯ್ಕೆಯಾದರೂ ಸಿಕ್ಕಿತು.

ನಿಮ್ಮ ಗೆಳೆಯನ ತಾತನ ಕಡೆಯವರು ಪಾಪ, ಬಾಕಿ ತೀರಿಸುವ ಭರವಸೆಯಿಲ್ಲದವನ ಕೈಗೆ ಸಿಕ್ಕಿದರು. 1943ರ ಜನವರಿ 11ರ ಒಪ್ಪಂದದಲ್ಲಿ ಬ್ರಿಟನ್ ಆ ಬಡಾವಣೆಯ ಹಕ್ಕನ್ನು ಚೀನಾಕ್ಕೆ ಬಿಟ್ಟಿತು. ಅದರ ಹೊಣೆಗಾರಿಕೆಗಳನ್ನು ಚೀನಾ ಸರ್ಕಾರವೇ ತೀರಿಸಬೇಕೆಂದು ಬರೆಸಿಕೊಂಡಿತು. ಆಗ ಶಾಂಘಾಯಿ ಇದ್ದದ್ದು ಜಪಾನೀಯರ ಕೈಯಲ್ಲಿ! ಮಾತು ಕೊಟ್ಟ ಸರ್ಕಾರವೂ 1949ರಲ್ಲಿ ತೈವಾನಿಗೆ ಓಡಿತು. ಹಾಂಗ್‌ಕಾಂಗಿನವರ ಹಣೆಬರಹ ವಾಸಿ. 1997ರಲ್ಲಿ ಬ್ರಿಟನ್ ಆ ವಸಾಹತನ್ನು ಚೀನಾಕ್ಕೆ ಒಪ್ಪಿಸುವ ಮುಂಚೆ ನಿವೃತ್ತರಾದವರಿಗೂ, ಯಾವ ದೇಶದವರಾದರೂ, ಎಲ್ಲಿ ವಾಸಿಸಿದರೂ ಪಿಂಚಣಿ ಕೊಡಬೇಕೆಂದು ಅಲ್ಲಿನ ಸಂವಿಧಾನದಂತಿರುವ ಮೂಲ ಕಾನೂನಿನ 102ನೇ ವಿಧಿಯೇ ಹೇಳುತ್ತದೆ.

ಮೊಮ್ಮಗನ ಕ್ಲೇಮಿಗೆ ನೇರ ಉತ್ತರ: ಇಲ್ಲ. ನಮ್ಮ ಸೇನೆಯ ಕುಟುಂಬ ಪಿಂಚಣಿಯೂ ಮೊಮ್ಮಕ್ಕಳ ತನಕ ಹೋಗುವುದಿಲ್ಲ. ತಾತನ ಕಥೆ ಬೇಕೆಂದರೆ ಬೇರೆ ಮಾತು. ಮೊದಲ ಮಹಾಯುದ್ಧದ ಪಂಜಾಬಿನ ಸುಮಾರು 3,20,000 ಸೈನಿಕರ ದಾಖಲೆಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದವು. 2021ರಿಂದ ಅವು ಅಂತರ್ಜಾಲಕ್ಕೆ ಬರತೊಡಗಿವೆ, ಹಳ್ಳಿಯ ಹೆಸರಿನಿಂದಲೇ ಹುಡುಕಬಹುದು. ಹಳ್ಳಿ ಯಾವುದೆಂದು ಗೆಳೆಯನನ್ನು ಕೇಳಿ ನೋಡಿ.