ಟಿಕೆಟ್ಟಿನಲ್ಲಿ ಎಸ್‌ಎಲ್ ಎರಡು ಸಲ ಯಾಕೆ?

ರಾಯಚೂರಿಂದ ತೆಗೆಸಿದ ರೈಲು ಟಿಕೆಟ್ಟಿನಲ್ಲಿ ಎಸ್‌ಎಲ್ ಎರಡು ಕಡೆ ಇದೆ, ಆರ್‌ಸಿ ಅಂದ್ರೇನು ಅಂತ ಕೇಳಿದ್ದೀರಿ. ತಪ್ಪು ಪ್ರಿಂಟ್ ಅಲ್ಲರೀ. ಕ್ಲಾಸ್ ಅಂತ ಇರೋ ಕಡೆ ಎಸ್‌ಎಲ್ ಅಂದ್ರೆ ಸ್ಲೀಪರ್. ಬರ್ತ್ ನಂಬರ್ 23ರ ಪಕ್ಕದ್ದು ಸೈಡ್ ಲೋವರ್, ಅಂದ್ರೆ ಓಡಾಡೋ ದಾರಿ ಪಕ್ಕದ ಕೆಳಗಿನ ಬರ್ತ್. ಒಂದೇ ಅಕ್ಷರ ಎರಡಕ್ಕೂ ಇಟ್ಟಿದ್ದು ಗೊಂದಲವೇ ಬಿಡಿ.

ಸ್ಲೀಪರ್ ಬೋಗಿಯಲ್ಲಿ 8ರ ಮಗ್ಗಿ ಹೇಳ್ಕೊಳ್ರಿ: 8, 16, 24 ಎಲ್ಲಾ ಸೈಡ್ ಅಪ್ಪರ್, ಒಂದು ಕಳೆದರೆ ಸೈಡ್ ಲೋವರ್. ಟೂ ಟೈರ್ ಎಸಿಯಲ್ಲಿ ನಡುವಿನ ಬರ್ತ್ ಇರಲ್ಲ, ಅಲ್ಲಿ 6ರ ಮಗ್ಗಿ. ಆರ್‌ಎಸಿ (ಯಾರಾದರೂ ರದ್ದು ಮಾಡಿದರೆ ಪೂರ್ತಿ ಬರ್ತ್ ಸಿಗೋ ಟಿಕೆಟ್) ಸಿಕ್ಕರೆ ಸೈಡ್ ಲೋವರಿನಲ್ಲೇ ಇಬ್ಬರು ಕೂರಬೇಕು.

ಆರ್‌ಸಿ ರಾಯಚೂರು ಸ್ಟೇಷನ್ ಕೋಡ್, ಗಾಡಿ ಆರ್‌ಸಿ ಅಲ್ಲ. ಕೊಪ್ಪಳಕ್ಕೆ ಕೆಬಿಎಲ್, ಬಳ್ಳಾರಿಗೆ ಬಿಎವೈ. ಆನ್‌ಲೈನ್ ಟಿಕೆಟ್ ಚಾರ್ಟ್ (ಪ್ರಯಾಣಿಕರ ಕೊನೆಯ ಪಟ್ಟಿ) ಆದ ಮೇಲೂ ಡಬ್ಲ್ಯೂಎಲ್, ಅಂದ್ರೆ ವೇಟಿಂಗ್ ಲಿಸ್ಟ್ ಅಂತಲೇ ಇದ್ದರೆ ಹತ್ತಬೇಡಿ, ಅದು ತಾನಾಗೇ ರದ್ದಾಗಿರುತ್ತೆ.